ದಂಡಿನ ಸಂತೆಗೆ: ದೊಡ್ಡನೆಕ್ಕುಂದಿಯಿಂದ ಗಡಿ ದಾಟಿದ ವ್ಯಾಪಾರಯಾತ್ರೆ (1881–1947)

ಬೆಂಗಳೂರಿನ ಪೂರ್ವದಿಕ್ಕಿನ ಹಳ್ಳಿಗಳಾದ ದೊಡ್ಡನೆಕ್ಕುಂದಿ, ಚಿಕ್ಕನೆಕ್ಕುಂದಿ, ಮಾರತಹಳ್ಳಿ, ಮಹದೇವಪುರಗಳ ವೃದ್ಧರ ಬಾಯಲ್ಲಿ ಎರಡು ನುಡಿಗಟ್ಟುಗಳು ಈಗಲೂ ಉಳಿದುಬಂದಿವೆ. ಒಂದು 'ಪೇಟೆಗೆ ಹೋಗುವುದು'. ಮತ್ತೊಂದು 'ದಂಡಿಗೆ ಹೋಗುವುದು'. ಇವೆರಡೂ ಬೆಂಗಳೂರಿಗೆ ಹೋಗುವುದೇ ಆದರೂ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಅವರು ಎಂದೂ ಬಳಸುವುದಿಲ್ಲ. ಪೇಟೆಯೆಂದರೆ ಕೆಂಪೇಗೌಡನು ಕಟ್ಟಿಸಿದ ಹಳೆಯ ಊರು. ದಂಡೆಂದರೆ ಆಂಗ್ಲರ ಸೈನ್ಯವು ನೆಲೆಸಿದ್ದ ಹಲಸೂರು, ಈಗ ಶಿವಾಜಿನಗರವೆನಿಸಿಕೊಂಡಿರುವ ಬ್ಲಾಕ್‌ಪಲ್ಲಿ, ಮತ್ತು ಇವುಗಳ ಸುತ್ತಲಿನ ಪ್ರದೇಶ. ರೈಲ್ವೆ ನಿಲ್ದಾಣದ ಕನ್ನಡ ಫಲಕದಲ್ಲಿ 'ಬೆಂಗಳೂರು ದಂಡು' ಎಂಬ ಹೆಸರನ್ನು ಕಂಡು ಅದರ ಅರ್ಥವೇನೆಂದು ವಿಚಾರಿಸುವ ವಿದ್ಯಾರ್ಥಿಗಳು ನಮ್ಮ ತರಗತಿಗಳಲ್ಲಿ ವರ್ಷಕ್ಕೊಬ್ಬರಾದರೂ ಇರುತ್ತಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡಬೇಕಾದರೆ, ಸೊಪ್ಪು ಮಾರಿ ಸೀಮೆಎಣ್ಣೆ ಕೊಂಡುತರಲು ಹೊರಟ ಒಬ್ಬ ರೈತನು 66 ವರ್ಷಗಳ ಕಾಲ ವಾರಕ್ಕೊಮ್ಮೆ ಒಂದು ರಾಜ್ಯದಿಂದ ಮತ್ತೊಂದು ರಾಜ್ಯಾಧಿಕಾರಕ್ಕೆ ದಾಟಿ ಹಿಂದಿರುಗುತ್ತಿದ್ದನೆಂಬ ಸಂಗತಿಯನ್ನು ಮೊದಲು ತಿಳಿಯಬೇಕಾಗುತ್ತದೆ.

ನೆರೆರಾಷ್ಟ್ರಕ್ಕೆ ಹೋಗಿ ಸಾಮಾನು ಕೊಂಡುತರುವ ಪದ್ಧತಿಯು ಗಡಿಯಿರುವೆಡೆಗಳಲ್ಲೆಲ್ಲ ಕಂಡುಬರುತ್ತದೆ. ಕನ್ನಡನಾಡಿನ ಅಂಚಿನಲ್ಲಿಯೇ ಇದಕ್ಕೆ ಪ್ರಸಿದ್ಧವಾದ ನಿದರ್ಶನಗಳಿದ್ದವು. 1961ರ ಡಿಸೆಂಬರ್ 19ರವರೆಗೆ ಗೋವೆಯು ಪೋರ್ಚುಗೀಸರ ಅಧೀನದಲ್ಲಿದ್ದುದರಿಂದ ಕಾರವಾರದ ಉತ್ತರಕ್ಕಿರುವ ಗಡಿಯು ನಿಜವಾಗಿಯೂ ಪರರಾಷ್ಟ್ರದ ಗಡಿಯೇ ಆಗಿತ್ತು. ಭಾರತದಲ್ಲಿ ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧವಿದ್ದ ಆ ಕಾಲದಲ್ಲಿ ವಿದೇಶದ ಸರಕುಗಳು ಆಚೆ ಧಾರಾಳವಾಗಿ ದೊರೆಯುತ್ತಿದ್ದವು. ಮಲಬಾರಿನ ಮಾಹೆಯು 1954ರವರೆಗೆ ಫ್ರೆಂಚರದಾಗಿತ್ತು. ಇಂತಹ ಸ್ಥಳಗಳಲ್ಲಿ ಸುಂಕದ ಠಾಣೆಯಿರುತ್ತದೆ, ನಾಣ್ಯ ಬೇರೆಯಾಗಿರುತ್ತದೆ, ಧ್ವಜವೂ ಬೇರೆ. ಬೆಂಗಳೂರಿನ ದಂಡಿನ ಗಡಿಯಲ್ಲಾದರೋ ಇಂತಹ ಬಾಹ್ಯ ಲಕ್ಷಣಗಳು ಇರಲಿಲ್ಲ. ಆದುದರಿಂದಲೇ ಅದನ್ನು ಗಡಿಯೆಂದು ಗುರುತಿಸುವುದು ಇತಿಹಾಸಕಾರನಿಗೆ ಕಷ್ಟವಾಗಿದೆ. ಗುರುತಿಸಿದ ಕೆಲವರು ಅದನ್ನು ಅತಿಯಾಗಿ ಬಣ್ಣಿಸಿ, ಗೋಡೆಯೇ ಇತ್ತೆಂಬಂತೆ ಬರೆದಿರುವುದೂ ಉಂಟು. ಈ ಎರಡು ಅತಿರೇಕಗಳ ನಡುವೆ ನಿಜಸ್ಥಿತಿ ಏನಿತ್ತೆಂಬುದನ್ನು ಒಂದು ಹಳ್ಳಿಯ ಕೊಳ್ಳುಕೊಡುಗೆಯ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಗಡಿಯ ಉತ್ಪತ್ತಿಯನ್ನು ಸಂಕ್ಷೇಪವಾಗಿ ಹೇಳಬಹುದು. 1799ರಲ್ಲಿ ಟಿಪ್ಪುಸುಲ್ತಾನನ ಪತನವಾದ ತರುವಾಯ ಶ್ರೀರಂಗಪಟ್ಟಣದಲ್ಲಿ ನೆಲೆಸಿದ ಆಂಗ್ಲರ ಸೈನ್ಯವು ಅಲ್ಲಿನ ಜ್ವರಬಾಧೆಯನ್ನು ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಕೋಟೆಗೂ ಪೇಟೆಗೂ ಪೂರ್ವದಲ್ಲಿ, ಹಲಸೂರಿನ ಬಳಿಯ ಎತ್ತರವಾದ ಬಯಲಿನಲ್ಲಿ ದಂಡು ಬೀಡುಬಿಟ್ಟಿತು. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನವೆಲ್ಲವೂ ಆಂಗ್ಲ ಕಮಿಷನರುಗಳ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಈ ಅರ್ಧ ಶತಮಾನದಲ್ಲಿ ಪೇಟೆ ಮತ್ತು ದಂಡುಗಳ ನಡುವಣ ಭೇದಕ್ಕೆ ರಾಜಕೀಯವಾಗಿ ಹೆಚ್ಚಿನ ಅರ್ಥವಿರಲಿಲ್ಲ. 1862ರ ಸುಮಾರಿಗೆ ಎರಡಕ್ಕೂ ಪ್ರತ್ಯೇಕ ಪೌರಸಭೆಗಳಾದವು. ಆದರೆ ಮೇಲಿನ ಪ್ರಭುತ್ವ ಒಂದೇ. 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಹಿಂದಿರುಗಿದಾಗ ಪರಿಸ್ಥಿತಿ ಬದಲಾಯಿಸಿತು. ಮಹಾರಾಜರು ದಂಡಿನ ಪ್ರದೇಶವನ್ನು ಆಡಳಿತಕ್ಕಾಗಿ ಬ್ರಿಟಿಷ್ ಸರ್ಕಾರಕ್ಕೆ ವಹಿಸಿಕೊಟ್ಟರು. ಸುಮಾರು 13 ಚದರ ಮೈಲಿಗಳಷ್ಟು ವಿಸ್ತಾರವಿದ್ದ ಈ ಭೂಭಾಗಕ್ಕೆ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಾಯಿತು. ಅಲ್ಲಿಂದ ಮುಂದೆ ಪೇಟೆಯೂ ಸುತ್ತಣ ಹಳ್ಳಿಗಳೂ ದಿವಾನರ ಆಡಳಿತಕ್ಕೆ ಸೇರಿದುವು; ನಡುವಣ ದಂಡು ರೆಸಿಡೆಂಟರ ಆಡಳಿತದಲ್ಲಿ ನಿಂತಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ದಂಡಿನ ನೆಲವು ಬ್ರಿಟಿಷ್ ಇಂಡಿಯಾ ಆಗಲಿಲ್ಲ. ಭೂಮಿಯ ಮೇಲಣ ಸಾರ್ವಭೌಮತ್ವವು ಮಹಾರಾಜರದಾಗಿಯೇ ಉಳಿದು, ಅಧಿಕಾರವನ್ನು ಚಲಾಯಿಸುವ ಹಕ್ಕು ಮಾತ್ರ ಆಂಗ್ಲರಿಗೆ ಸಂದಿತು. ಬ್ರಿಟಿಷ್ ಇಂಡಿಯಾದ ಕಾನೂನುಗಳು ಅಲ್ಲಿ ತಾವಾಗಿ ಜಾರಿಗೆ ಬರುತ್ತಿರಲಿಲ್ಲ; ಪರನಾಡಿನಲ್ಲಿ ಅಧಿಕಾರ ನಡೆಸುವ ವಿಧಿಗನುಸಾರವಾಗಿ ಗವರ್ನರ್ ಜನರಲ್ಲರು ಪ್ರಕಟಣೆ ಹೊರಡಿಸಿ ಒಂದೊಂದನ್ನಾಗಿ ಅಲ್ಲಿಗೆ ವಿಸ್ತರಿಸಬೇಕಾಗುತ್ತಿತ್ತು. ಆಂಗ್ಲರ ದೃಷ್ಟಿಯಲ್ಲಿಯೂ ಅದು ಪರನಾಡು, ಮೈಸೂರಿನ ನ್ಯಾಯಾಲಯದ ದೃಷ್ಟಿಯಲ್ಲಿಯೂ ಅದು ಪರಾಧಿಕಾರ. ದೊಡ್ಡನೆಕ್ಕುಂದಿಯ ರೈತನು ಹಲಸೂರಿಗೆ ಹೋದಾಗ ತನ್ನ ಅರಸನ ನೆಲದ ಮೇಲೆಯೇ ನಿಂತಿದ್ದರೂ ತನ್ನ ಅರಸನ ಆಜ್ಞೆಗೆ ಒಳಪಟ್ಟಿರಲಿಲ್ಲ. ಇಂತಹ ವಿಚಿತ್ರವಾದ ಸ್ಥಳವನ್ನು 'ನೆರೆದೇಶ' ಎಂದು ಕರೆಯಬಹುದೇ? ಕಟ್ಟುನಿಟ್ಟಾದ ಅರ್ಥದಲ್ಲಿ ಕೂಡದು. ಪೋಲೀಸು, ನ್ಯಾಯಸ್ಥಾನ, ತೆರಿಗೆ, ಆಡಳಿತಭಾಷೆ ಎಲ್ಲವೂ ಬೇರೆಯಾಗಿದ್ದ ಸ್ಥಳವನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕೆಂಬುದು ಮಾತ್ರ ಸುಲಭವಾದ ಪ್ರಶ್ನೆಯಲ್ಲ.

ರೈಲುದಾರಿಯು ಈ ವಿಚಿತ್ರಕ್ಕೆ ಮತ್ತೊಂದು ಮಡಿಕೆಯನ್ನು ಕೂಡಿಸಿತ್ತು. ಜೋಲಾರಪೇಟೆಯಿಂದ ದಂಡಿಗೆ ಬರುವ ಹಳಿಯು 1864ರಲ್ಲಿ ಸಂಚಾರಕ್ಕೆ ತೆರೆಯಿತು. ಇದು ವೈಟ್‌ಫೀಲ್ಡ್ ಮತ್ತು ಕೃಷ್ಣರಾಜಪುರಗಳ ಮಾರ್ಗವಾಗಿ, ಅಂದರೆ ನಮ್ಮ ಹಳ್ಳಿಗಳ ಉತ್ತರದಲ್ಲಿಯೇ ಹಾದುಹೋಗುತ್ತದೆ. ರೈಲ್ವೆಯ ನೆಲದ ಮೇಲಣ ಅಧಿಕಾರವೂ ಆಂಗ್ಲರಿಗೆ ಸೇರಿತ್ತು. ಆದುದರಿಂದ ರೈಲಿನಲ್ಲಿ ಹೋಗುವವನು ದಂಡನ್ನು ಮುಟ್ಟಿದಾಗ ಗಡಿ ದಾಟಿದನೆಂದು ಹೇಳುವಂತಿಲ್ಲ; ತನ್ನ ಹೋಬಳಿಯ ನಡುವೆಯೇ ಇರುವ ನಿಲ್ದಾಣದ ಆವರಣಕ್ಕೆ ಕಾಲಿಟ್ಟ ಕ್ಷಣದಲ್ಲಿಯೇ ದಾಟಿಬಿಟ್ಟಿದ್ದನು. ಅವನಿಗೆ ಇದರ ಅರಿವಿತ್ತೆಂದು ನಾನು ಹೇಳಲಾರೆ.

ಇನ್ನು ವ್ಯಾಪಾರದ ವಿಚಾರಕ್ಕೆ ಬರೋಣ. ಸಾಮಾನ್ಯವಾಗಿ ಗಡಿಯಾಚೆಯ ಸರಕು ಅಗ್ಗವಾಗಿರುವುದಕ್ಕೆ ಸುಂಕದ ಅಂತರವೇ ಕಾರಣವಾಗಿರುತ್ತದೆ. ದಂಡಿನಲ್ಲಿ ಈ ಕಾರಣವಿರಲಿಲ್ಲ. ಮೈಸೂರು ಸಂಸ್ಥಾನಕ್ಕೆ ಸಮುದ್ರತೀರವಿರಲಿಲ್ಲವಾಗಿ ವಿದೇಶದ ಸರಕೆಲ್ಲವೂ ಬ್ರಿಟಿಷ್ ರೇವುಗಳಲ್ಲಿ ಸುಂಕ ತೆತ್ತೇ ಒಳಗೆ ಬರುತ್ತಿತ್ತು. ಅದು ಪೇಟೆಗೆ ಬಂದರೂ ದಂಡಿಗೆ ಬಂದರೂ ತೆತ್ತ ಸುಂಕ ಒಂದೇ. ಸಂಸ್ಥಾನದ ಒಳಗಡೆಯ ದಾರಿಸುಂಕಗಳನ್ನು ಮಾರ್ಕ್ ಕಬ್ಬನ್ನನ ಕಾಲದಲ್ಲಿಯೇ ಬಹುಮಟ್ಟಿಗೆ ತೆಗೆದುಹಾಕಲಾಗಿತ್ತು. ಆಗ ರದ್ದಾದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769 ಎಂದು ಗೆಜೆಟಿಯರು ಲೆಕ್ಕ ಕೊಡುತ್ತದೆ. ನಾಣ್ಯದಲ್ಲಿಯೂ ಭೇದವಿರಲಿಲ್ಲ. ಮೈಸೂರಿನ ಟಂಕಸಾಲೆಯು 1843ರಲ್ಲಿ ಮುಚ್ಚಿಹೋದ ಮೇಲೆ ಎರಡು ಕಡೆಯೂ ಕಂಪನಿಯ, ತರುವಾಯ ರಾಣಿಯ ಮುದ್ರೆಯ ರೂಪಾಯಿಯೇ ನಡೆಯುತ್ತಿತ್ತು. ಉಳಿದುದು ಪೌರಸಭೆಗಳು ತಮ್ಮ ತಮ್ಮ ಎಲ್ಲೆಯಲ್ಲಿ ಎತ್ತುತ್ತಿದ್ದ ಒಳಸುಂಕವೊಂದೇ. ಅದನ್ನು ಜನರು 'ಆಕ್ಟ್ರಾಯ್' ಎಂದೂ ಬರಿದೆ 'ಸುಂಕ' ಎಂದೂ ಕರೆದರು.

ಹಾಗಾದರೆ ಪೂರ್ವದ ಹಳ್ಳಿಗಳವರು ದಂಡಿಗೆ ಹೋದುದೇಕೆ? ಮೊದಲನೆಯ ಕಾರಣವು ಭೂಗೋಳಕ್ಕೆ ಸೇರಿದುದು. ದೊಡ್ಡನೆಕ್ಕುಂದಿಗೆ ಹಲಸೂರು ಐದಾರು ಮೈಲಿ. ಪೇಟೆಗೆ ಹೋಗಬೇಕಾದರೆ ದಂಡನ್ನು ಹಾದೇ ಹೋಗಬೇಕು. ಎರಡನೆಯದು ಜನಸಂಖ್ಯೆ. 1901ರ ಖಾನೇಷುಮಾರಿಯಲ್ಲಿ ಬೆಂಗಳೂರು ನಗರದ ಜನರು 69,447, ದಂಡಿನವರು 89,599. ತಾಯಿಗಿಂತ ಮಗಳು ದೊಡ್ಡವಳಾಗಿದ್ದಳು. (ಮುಂದಿನ ದಶಕಗಳಲ್ಲಿ ನಗರವು ದಂಡನ್ನು ಮೀರಿಸಿತು.) ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಆ ಜನರ ಸ್ವರೂಪ. ಸಿಪಾಯಿಗಳು, ಅಧಿಕಾರಿಗಳು, ಅವರ ಮನೆಯ ಬಾಣಸಿಗರು, ಕುದುರೆಯಾಳುಗಳು, ಅಗಸರು, ಗುತ್ತಿಗೆದಾರರು ಇವರಲ್ಲಿ ತಮ್ಮ ಅನ್ನವನ್ನು ತಾವೇ ಬೆಳೆದುಕೊಳ್ಳುವವರು ಇಲ್ಲವೆಂದೇ ಹೇಳಬಹುದು. ತಿಂಗಳಿಗೊಮ್ಮೆ ನಗದು ಸಂಬಳ ಪಡೆದು ದಿನವೂ ಕೊಳ್ಳುವ ಇಂತಹ ಜನಸಮುದಾಯವು ಹಳೆಯ ಮೈಸೂರಿನ ಹಳ್ಳಿಗೆ ಹೊಸದು. ಹಣವಿಲ್ಲದೆ ಧಾನ್ಯದಿಂದಲೇ ಬಹುಮಟ್ಟಿನ ಲೇವಾದೇವಿ ಸಾಗುತ್ತಿದ್ದ ಊರಿನಲ್ಲಿ ಕಂದಾಯವನ್ನು ಮಾತ್ರ ನಗದಾಗಿ ತೆರಬೇಕಾಗಿತ್ತು. ಮೈಸೂರಿನ ಖಜಾನೆಗೆ ಸಲ್ಲಬೇಕಾದ ಆ ನಗದು ದೊರೆಯುತ್ತಿದ್ದ ಸ್ಥಳವೇ ಆಂಗ್ಲರ ದಂಡು.

ಆದುದರಿಂದ ಈ ಯಾತ್ರೆಯನ್ನು ಬರಿಯ ಕೊಳ್ಳುವಿಕೆಯೆಂದು ತಿಳಿಯಬಾರದು. ಮೊದಲು ಮಾರಾಟ, ಆಮೇಲೆ ಕೊಳ್ಳುವುದು. ನನ್ನ ತಂದೆಯ ತಾಯಿಯವರು 1947ಕ್ಕೆ ಮುಂಚೆ, ಹತ್ತು ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗ, ತಮ್ಮ ತಂದೆಯೊಡನೆ ಗಾಡಿಯಲ್ಲಿ ಹಲಸೂರಿಗೆ ಹೋಗುತ್ತಿದ್ದುದನ್ನು ನೆನೆಸಿಕೊಂಡು ಹೇಳುತ್ತಿದ್ದರು. ಮೊದಲ ಕೋಳಿ ಕೂಗಿದಾಗ ಗಾಡಿ ಕಟ್ಟಿದರೆ ಬೆಳಕು ಹರಿಯುವ ಹೊತ್ತಿಗೆ ಸುಂಕದವನ ಮುಂದೆ ನಿಲ್ಲುತ್ತಿದ್ದರಂತೆ. ಅವನು ಹುಲ್ಲಿನ ಹೊರೆಯೊಳಕ್ಕೆ ಕಬ್ಬಿಣದ ಸರಳನ್ನು ಚುಚ್ಚಿ ನೋಡಿ, ಕಾಸು ಪಡೆದು, ಒಂದು ಚೀಟಿ ಕೊಡುತ್ತಿದ್ದನು. ಆ ಚೀಟಿಯನ್ನು ಮುತ್ತಜ್ಜನವರು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಸಂಜೆ ಊರಿಗೆ ಬಂದ ಮೇಲೆ ಅದು ಒಲೆಗೆ ಹೋಗುತ್ತಿತ್ತು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಕೊನೆಯ ಮಾತು ಪ್ರತಿಸಲವೂ ಸಂಕಟವನ್ನುಂಟುಮಾಡುತ್ತಿತ್ತು. ಒಂದು ಚೀಟಿಯಾದರೂ ಉಳಿದಿದ್ದರೆ ಹುಲ್ಲಿನ ಗಾಡಿಗೆ ಎಷ್ಟು ಸುಂಕ, ಯಾವ ಭಾಷೆಯಲ್ಲಿ ಬರೆದುದು, ಯಾರ ಮೊಹರು ಎಂಬುದೆಲ್ಲ ತಿಳಿಯುತ್ತಿತ್ತು.

ಗಾಡಿಯಲ್ಲಿ ಹೋಗುತ್ತಿದ್ದ ಪದಾರ್ಥಗಳು ಋತುವಿಗನುಸಾರವಾಗಿ ಬದಲಾಗುತ್ತಿದ್ದವು. ಹಸಿಹುಲ್ಲು ಮತ್ತು ಹುರುಳಿ ಸೈನ್ಯದ ಕುದುರೆಗಳಿಗೆ, ಸೌದೆ, ಬೆರಣಿ, ಕೋಳಿ, ಮೊಟ್ಟೆ, ತುಪ್ಪ ಮನೆಗಳಿಗೆ, ಮಾಗಿಯಲ್ಲಿ ಅವರೆಕಾಯಿ. ಇವೆಲ್ಲ ಹಳೆಯ ಬೆಳೆಗಳೇ. ಆದರೆ ದಂಡಿನವರ ಊಟದ ಮೇಜು ಸುತ್ತಣ ಹಳ್ಳಿಗಳ ತೋಟಗಳನ್ನೇ ಬದಲಾಯಿಸಿಬಿಟ್ಟಿತು. ಆಲೂಗಡ್ಡೆ, ಎಲೆಕೋಸು, ಹೂಕೋಸು, ನವಿಲುಕೋಸು, ಗಜ್ಜರಿ, ಹುರುಳಿಕಾಯಿ ಮುಂತಾದುವು ಬೆಂಗಳೂರಿನ ಸುತ್ತ ಹಬ್ಬಿದುದು ಮೊದಲು ಆಂಗ್ಲರ ಬಾಣಸಿಗರ ಬುಟ್ಟಿಗಾಗಿ. ತೋಟದ ಕೆಲಸದಲ್ಲಿ ನುರಿತ ತಿಗಳರ ಸಮುದಾಯವು ಇದರಲ್ಲಿ ಪ್ರಮುಖವಾಗಿತ್ತು. ತಮ್ಮ ಮನೆಯಲ್ಲಿ ತಾವು ತಿನ್ನದ ಪದಾರ್ಥವನ್ನು ಪರರಿಗಾಗಿ ಬೆಳೆದು, ಎರಡು ತಲೆಮಾರು ಕಳೆಯುವಷ್ಟರಲ್ಲಿ ತಾವೂ ಅದನ್ನು ಸಾರಿಗೆ ಹಾಕಿಕೊಂಡರು. ಇಂದು ಹುರುಳಿಕಾಯಿಯ ಪಲ್ಯವಿಲ್ಲದ ಮದುವೆಯೂಟವನ್ನು ಈ ಭಾಗದಲ್ಲಿ ಕಾಣುವುದು ಕಷ್ಟ. ಶ್ರಾದ್ಧದ ಅಡಿಗೆಯಲ್ಲಿ ಮಾತ್ರ ಸಂಪ್ರದಾಯಸ್ಥರು ಈ ತರಕಾರಿಗಳನ್ನು ಇನ್ನೂ ದೂರವಿಟ್ಟಿದ್ದಾರೆ. ಗಡಿಯಾಚೆಯಿಂದ ಬಂದ ವಸ್ತು ಯಾವುದು, ನಮ್ಮದು ಯಾವುದು ಎಂಬುದಕ್ಕೆ ಅಡಿಗೆಮನೆಯು ಕೆಲವು ವೇಳೆ ಶಾಸನಕ್ಕಿಂತ ಖಚಿತವಾದ ಸಾಕ್ಷ್ಯವನ್ನು ಒದಗಿಸುತ್ತದೆ.

ಭಾಷೆಯೂ ಹಾಗೆಯೇ. ಹಿಂದಿರುಗುವಾಗ ಗಾಡಿಯಲ್ಲಿ ಬರುತ್ತಿದ್ದ ಸರಕುಗಳ ಹೆಸರುಗಳನ್ನು ನೋಡಿರಿ: ಸೀಮೆಎಣ್ಣೆ, ಸೀಮೆಸುಣ್ಣ, ತರಕಾರಿಯಲ್ಲಿ ಸೀಮೆಬದನೆ, ಹಾಲಿನ ಹಿಡುವಳಿಯಲ್ಲಿ ಸೀಮೆಹಸು. 'ಸೀಮೆ' ಎಂಬುದಕ್ಕೆ ಸಂಸ್ಕೃತದಲ್ಲಿ ಎಲ್ಲೆಯೆಂದು ಅರ್ಥ. ಕನ್ನಡದಲ್ಲಿ ಅದು ಎಲ್ಲೆಗೊಳಪಟ್ಟ ನಾಡೆಂಬ ಅರ್ಥವನ್ನೂ ತಾಳಿ, ಕಡೆಗೆ ಸಮಾಸದ ಪೂರ್ವಪದವಾಗಿ ನಿಂತಾಗ ಪರದೇಶದ್ದು, ಅದರಲ್ಲಿಯೂ ಆಂಗ್ಲರ ನಾಡಿನದು, ಎಂಬ ವಿಶೇಷಾರ್ಥದಲ್ಲಿ ರೂಢಿಗೆ ಬಂದಿತು. ತಮಿಳಿನಲ್ಲಿಯೂ ಇದೇ ಶಬ್ದಕ್ಕೆ ಇದೇ ಗತಿಯಾಗಿದೆ. ಈ ಪದಗಳೆಲ್ಲ ದಂಡಿನಲ್ಲಿಯೇ ಹುಟ್ಟಿದುವೆಂದು ನನ್ನ ಅಭಿಪ್ರಾಯವಲ್ಲ. ಆದರೆ ನಮ್ಮ ಹಳ್ಳಿಗಳಿಗೆ ಇವು ಬಂದ ದಾರಿ ಯಾವುದೆಂಬುದರಲ್ಲಿ ಹೆಚ್ಚಿನ ಸಂದೇಹಕ್ಕೆ ಅವಕಾಶವಿಲ್ಲ.

ದಂಡಿನ ವರ್ತಕವರ್ಗವನ್ನು ಕುರಿತು ಒಂದೆರಡು ಮಾತು ಅವಶ್ಯ. ಸೈನ್ಯದ ಬೆನ್ನ ಹಿಂದೆಯೇ ತಮಿಳುನಾಡಿನಿಂದ ಮೊದಲಿಯಾರರೂ ಇತರರೂ ಬಂದು ಸರಬರಾಯಿಯ ಗುತ್ತಿಗೆಗಳನ್ನು ಹಿಡಿದರು. ಇವರಲ್ಲಿ ಪ್ರಸಿದ್ಧರಾದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ತಮ್ಮ ಸಂಪಾದನೆಯಿಂದ 1873ರಲ್ಲಿ ತೆರೆದ ಶಾಲೆಯು ಇಂದು ಅನೇಕ ವಿದ್ಯಾಸಂಸ್ಥೆಗಳಾಗಿ ಬೆಳೆದಿದೆ. ಕಚ್ಛೀ ಮೇಮನ್ ವರ್ತಕರಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರನ್ನು ಗೋಷಾ ಆಸ್ಪತ್ರೆಯ ಮೂಲಕ ಎಲ್ಲರೂ ಬಲ್ಲರು. ದಕ್ಖನಿ ಉರ್ದು, ತಮಿಳು, ತೆಲುಗು, ಇಂಗ್ಲಿಷು ಇವು ಅಂಗಡಿಯ ಭಾಷೆಗಳು. ಕನ್ನಡವು ಗಾಡಿಯಲ್ಲಿ ಬಂದು ಗಾಡಿಯಲ್ಲಿಯೇ ಹಿಂದಿರುಗುವ ಭಾಷೆಯಾಗಿತ್ತು. ಪೂರ್ವದ ಹಳ್ಳಿಗಳ ರೈತರಲ್ಲಿ ಅಕ್ಷರ ಬಾರದವರೂ ಮೂರು ನಾಲ್ಕು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲವರಾಗಿದ್ದುದಕ್ಕೆ ಇದು ಕಾರಣ. ಇದನ್ನು ಕೆಲವರು ಕನ್ನಡದ ಸೋಲೆಂದು ವ್ಯಾಖ್ಯಾನಿಸುತ್ತಾರೆ. ನಮ್ಮ ಅಜ್ಜಿಯವರು ತಮಿಳಿನಲ್ಲಿ ಎಣಿಸುತ್ತಿದ್ದರು, ಉರ್ದುವಿನಲ್ಲಿ ಬೆಲೆ ಕೇಳುತ್ತಿದ್ದರು, ಕನ್ನಡದಲ್ಲಿ ಬೈಯುತ್ತಿದ್ದರು. ಸೋತವರಂತೆ ನನಗೆ ತೋರಲಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ಅವರು ಎಚ್ಚರಿಕೆ ಹೇಳುತ್ತಿದ್ದರು: "ಅವರ ಪಡಿ ನಮ್ಮ ಸೇರಲ್ಲ." 1956ರ ಕಾಯಿದೆಯಿಂದ ಮೆಟ್ರಿಕ್ ಮಾನವು ಬರುವುದಕ್ಕೆ ಮೊದಲು ಊರೂರಿಗೆ ಅಳತೆಗಳು ಭಿನ್ನವಾಗಿದ್ದುದು ಸರ್ವವಿದಿತ. ರಾಗಿಯನ್ನು ಒಂದು ಮಾನದಿಂದ ಅಳೆದು ಮಾರಿ ಅಕ್ಕಿಯನ್ನು ಮತ್ತೊಂದು ಮಾನದಿಂದ ಕೊಳ್ಳುವವನು ಮನಸ್ಸಿನಲ್ಲಿಯೇ ಲೆಕ್ಕ ಕಟ್ಟಬೇಕಾಗುತ್ತಿತ್ತು. ನಾಣ್ಯ ಒಂದೇ ಆಗಿದ್ದ ಈ ಗಡಿಯಲ್ಲಿ ವಿನಿಮಯದ ದರವೆಂಬುದು ಇದ್ದರೆ ಅದು ಈ ಅಳತೆಯ ಪಾತ್ರೆಗಳ ನಡುವೆ ಇತ್ತು.

ದಂಡಿನೊಳಗೆ ಎಲ್ಲ ಅಂಗಡಿಗಳೂ ಎಲ್ಲರಿಗೂ ಅಲ್ಲ. ಸೌತ್ ಪರೇಡ್ ರಸ್ತೆಯಲ್ಲಿ, ಅಂದರೆ ಈಗಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ, ಇದ್ದ ಸ್ಪೆನ್ಸರ್, ಹಿಗ್ಗಿನ್‌ಬಾಥಮ್ ಮುಂತಾದ ಮಳಿಗೆಗಳ ಮುಂದೆ ರೈತನು ಗಾಡಿ ನಿಲ್ಲಿಸುವ ಪ್ರಮೇಯವೇ ಇರಲಿಲ್ಲ. ಅವನ ಸೀಮೆಯು ಹಲಸೂರಿನ ಬಜಾರು ಮತ್ತು ಬ್ಲಾಕ್‌ಪಲ್ಲಿಯ ಸಂತೆ. ಮದುವೆಯ ಜವಳಿಗೆ ಕಮರ್ಷಿಯಲ್ ರಸ್ತೆ. 1927ರಲ್ಲಿ ಬ್ಲಾಕ್‌ಪಲ್ಲಿಯಲ್ಲಿ ಪೌರಸಭೆಯ ಕಮಿಷನರಾಗಿದ್ದ ರಸೆಲ್ಲರ ಹೆಸರಿನ ಮಾರುಕಟ್ಟೆಯು ಎದ್ದಿತು. ತರಕಾರಿ, ಹಣ್ಣು, ಹೂವು, ಮಾಂಸ, ಮೀನು ಒಂದೇ ಸೂರಿನಡಿಯಲ್ಲಿ ದೊರೆಯುವಂತಾದುದರಿಂದ ಮಾರುವವನಿಗೆ ಮಳೆಯಲ್ಲಿ ನೆನೆಯುವುದು ತಪ್ಪಿತು. ಜೊತೆಗೆ ದಲ್ಲಾಳಿಯು ಅನಿವಾರ್ಯನಾದನು. ಮೊದಲು ಬೀದಿಯಂಚಿನಲ್ಲಿ ತಾನೇ ಕುಳಿತು ಮಾರುತ್ತಿದ್ದ ಹೆಂಗಸು ಮೊತ್ತವಾಗಿ ಒಪ್ಪಿಸಿ ಬರುವವಳಾದಳು. ಅದೇ ಮಾರುಕಟ್ಟೆಯು ಇಂದಿಗೂ ವ್ಯಾಪಾರದಲ್ಲಿ ತೊಡಗಿದೆ.

ಗಡಿಯು ನಿಜವಾಗಿ ಎದುರಾಗುತ್ತಿದ್ದುದು ಕೊಳ್ಳುವಾಗ ಅಲ್ಲ, ಸಾಲ ಮಾಡುವಾಗ. ಇದು ಈ ವಿಷಯದ ಮರ್ಮವೆಂದು ನಾನು ಭಾವಿಸಿದ್ದೇನೆ. ದಂಡಿನ ನ್ಯಾಯಾಲಯದ ಡಿಕ್ರಿಯು ಮೈಸೂರಿನ ಹಳ್ಳಿಯಲ್ಲಿ ತಾನಾಗಿ ಜಾರಿಯಾಗುತ್ತಿರಲಿಲ್ಲ. ಒಂದು ಅಧಿಕಾರದ ನ್ಯಾಯಾಲಯಕ್ಕೆ ಮತ್ತೊಂದು ಪರನ್ಯಾಯಾಲಯವೇ ಆಗಿತ್ತು. ಅಪರಾಧಿಯು ಈ ಕಡೆಯಿಂದ ಆ ಕಡೆಗೆ ಓಡಿದರೆ ಪೋಲೀಸಿನವನು ಬೆನ್ನಟ್ಟಿ ಹಿಡಿದು ತರುವಂತಿರಲಿಲ್ಲ, ಹಸ್ತಾಂತರದ ವಿಧಿಗಳನ್ನು ಅನುಸರಿಸಬೇಕಾಗಿತ್ತು. ಹೀಗಿರುವಲ್ಲಿ ಹಲಸೂರಿನ ಜವಳಿ ವರ್ತಕನು ಆರು ಮೈಲಿಯಾಚೆಯ ರೈತನಿಗೆ ಯಾವ ಧೈರ್ಯದ ಮೇಲೆ ಸಾಲ ಕೊಡಬೇಕು?

ನಮ್ಮ ಮನೆತನದ ನೆನಪು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಅಜ್ಜಿಯವರ ಅಕ್ಕನ ಮದುವೆಗೆ ಮುತ್ತಜ್ಜನವರು ಸೀರೆ, ಪಂಚೆ, ಜಮಖಾನಗಳನ್ನು ಹಲಸೂರಿನ ಒಂದು ಅಂಗಡಿಯಿಂದ ಉದ್ದರಿಯಾಗಿ ತಂದರು. ಅಂಗಡಿಯವನು ಅವರ ಹೊಲದ ಕಾಗದವನ್ನು ಕೇಳಲಿಲ್ಲ. ಎತ್ತುಗಳ ವಿಚಾರವನ್ನೂ ಎತ್ತಲಿಲ್ಲ. ದಂಡಿನೊಳಗೆ ವಾಸವಾಗಿರುವವನೊಬ್ಬನು ಜಾಮೀನು ನಿಲ್ಲಬೇಕೆಂದನು. ಗಡಿಯಾಚೆಯ ಭೂಮಿ ಅವನಿಗೆ ನಿರುಪಯೋಗಿ. ತನ್ನ ನ್ಯಾಯಾಲಯದ ಕೈಗೆಟಕುವ ಮನುಷ್ಯನೊಬ್ಬನು ಬೇಕಾಗಿದ್ದನು. ಹಾಲು ಹಾಕುತ್ತಿದ್ದ ಮನೆಯ ಬಾಣಸಿಗನು, ಜಾತಿಯಿಂದಲೂ ಮತದಿಂದಲೂ ಬೇರೆಯವನು, ಜಾಮೀನು ನಿಂತನಂತೆ. ಆ ವರ್ಷ ಮಳೆ ಹೋಯಿತು. ಸಾಲವು ತೀರುವವರೆಗೆ, ಎರಡು ಸುಗ್ಗಿಗಳ ಕಾಲ, ಮುತ್ತಜ್ಜನವರು ಆ ಬಾಣಸಿಗನ ಮುಖವನ್ನು ನೋಡಲು ನಾಚಿ ಬೇರೆ ಬೀದಿಯಿಂದ ಗಾಡಿ ಹೊಡೆಯುತ್ತಿದ್ದರೆಂದೂ, ಹಾಲನ್ನು ಮಾತ್ರ ಮಗಳ ಕೈಯಲ್ಲಿ ತಪ್ಪದೆ ಕಳುಹಿಸುತ್ತಿದ್ದರೆಂದೂ ಅಜ್ಜಿಯವರು ಹೇಳುತ್ತಿದ್ದರು. ಆ ಮಗಳು ಅವರೇ. ಒಂದು ಮನೆಯ ನೆನಪಿನಿಂದ ಸಾಮಾನ್ಯ ನಿಯಮವನ್ನು ಕಟ್ಟಲಾಗದೆಂಬುದನ್ನು ನಾನು ಬಲ್ಲೆ. ಆದರೆ ಕಾನೂನಿನ ಸ್ಥಿತಿಯಿಂದ ತರ್ಕಿಸಿದರೆ ಏನು ನಡೆಯಬೇಕಾಗಿತ್ತೋ ಅದೇ ನಡೆದಿರುವುದರಿಂದ ಈ ಸಾಕ್ಷ್ಯಕ್ಕೆ ಬೆಲೆಯುಂಟು.

ಉದ್ದರಿಯ ತೊಡಕು ಬಡವರದಷ್ಟೇ ಆಗಿರಲಿಲ್ಲ. ದಂಡಿನ ಆಂಗ್ಲರ ಕ್ಲಬ್ಬಿನ 1899ರ ದಫ್ತರದಲ್ಲಿ ವಸೂಲಾಗದ ಬಾಕಿಗಳ ಪಟ್ಟಿಯಿದ್ದು, ಅದರಲ್ಲಿ 13 ರೂಪಾಯಿಗಳ ಬಾಕಿದಾರನಾಗಿ ನಮೂದಾಗಿರುವ ತರುಣ ಲೆಫ್ಟಿನೆಂಟನು ಮುಂದೆ ಬ್ರಿಟನ್ನಿನ ಪ್ರಧಾನಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್. ಅವನಿಗೆ ಜಾಮೀನು ಕೇಳಿದವರಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸಂಬಂಧವು ಮತ್ತೊಂದು ತಿರುವನ್ನು ಪಡೆಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದು ನಿಂತುದು ದಂಡಿನ ಪೂರ್ವಕ್ಕೆ, ಸಂಸ್ಥಾನದ ನೆಲದಲ್ಲಿ, ದೊಡ್ಡನೆಕ್ಕುಂದಿಗೆ ನೆರೆಯಲ್ಲಿಯೇ. 1942ರಲ್ಲಿ ಭಾರತ ಸರ್ಕಾರವು ಅದರ ಆಡಳಿತವನ್ನು ವಹಿಸಿಕೊಂಡಿತು. ಸಂಬಳದ ನಗದು ಈಗ ದಂಡಿನ ಹೊರಗಡೆಯೂ ದೊರೆಯುವಂತಾಯಿತು. ಅಲ್ಲಿಯವರೆಗೆ ಮಾರಿದ ಮೇಲೆ ಕೊಳ್ಳುತ್ತಿದ್ದ ಹಳ್ಳಿಯವನು, ಮಾರದೆಯೇ ಕೊಳ್ಳಲು ಹೋಗುವ ಗಿರಾಕಿಯಾಗತೊಡಗಿದುದು ಈ ಕಾಲದಲ್ಲಿ ಎಂದು ಊಹಿಸಲು ಕಾರಣವಿದೆ. ಕೈಗಡಿಯಾರ, ಸೈಕಲ್ಲು, ಹೊಲಿದ ಷರಟು ಇವು ಹಳ್ಳಿಯ ಮದುವೆಯ ಮಾತುಕತೆಯಲ್ಲಿ ಕಾಣಿಸಿಕೊಂಡುವು. ಇದೇ ದಶಕಕ್ಕೆ ಸ್ವಲ್ಪ ಮುಂಚೆ, 1937ರ ಅಕ್ಟೋಬರ್ 1ರಂದು, ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿ ರಾಜಾಜಿಯವರ ಸರ್ಕಾರವು ಪಾನನಿಷೇಧವನ್ನು ಜಾರಿಗೆ ತಂದಿತ್ತು. ಆಗ ಹೊಸೂರು ಆ ಜಿಲ್ಲೆಗೆ ಸೇರಿತ್ತು. ಗಡಿಯ ಈ ಕಡೆ ಮೈಸೂರಿನಲ್ಲಿ ಅಂತಹ ನಿಷೇಧವಿರಲಿಲ್ಲ. ಪಾನಪ್ರಿಯರ ಸಂಚಾರ ಯಾವ ದಿಕ್ಕಿಗಾಗಿದ್ದೀತೆಂಬುದನ್ನು ವಿವರಿಸಬೇಕಾಗಿಲ್ಲ.

1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ 20 ದಿನಗಳ ಮೊದಲು, ದಂಡಿನ ಆಡಳಿತವು ಮೈಸೂರಿಗೆ ಹಿಂದಿರುಗಿತು. 1949ರಲ್ಲಿ ಎರಡು ಪೌರಸಭೆಗಳೂ ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ರಚಿತವಾಯಿತು. ಗಡಿಯು ಅಳಿದರೂ ಸುಂಕದವನು ಅಳಿಯಲಿಲ್ಲ. ಅವನು ಹೊಸ ಎಲ್ಲೆಗೆ ಸರಿದು ಕುಳಿತನು. ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾದುದು 1979ರಲ್ಲಿ. ಅಂದರೆ ದೊಡ್ಡನೆಕ್ಕುಂದಿಯ ಗಾಡಿಯನ್ನು ತಡೆಯುತ್ತಿದ್ದ ಎರಡು ಎಲ್ಲೆಗಳಲ್ಲಿ ಸಾರ್ವಭೌಮತ್ವದ ಎಲ್ಲೆಗಿಂತ ಪೌರಸಭೆಯ ಎಲ್ಲೆಯೇ 32 ವರ್ಷ ಹೆಚ್ಚು ಬಾಳಿತು.

ಸಂಶೋಧಕನಿಗೆ ಎದುರಾಗುವ ತೊಡಕನ್ನು ಇಲ್ಲಿ ಹೇಳದಿರಲಾಗದು. ರೆಸಿಡೆನ್ಸಿಯ ದಾಖಲೆಗಳಿಗಾಗಿ ದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನೂ, ದಿವಾನರ ಕಚೇರಿಯ ದಾಖಲೆಗಳಿಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೂ ಹುಡುಕಬೇಕು. ದಂಡಿನ ಪೌರಸಭೆಯ ವಾರ್ಷಿಕ ವರದಿಗೆ ಎಲ್ಲೆಯೊಳಗೆ ಬಂದ ಹುಲ್ಲು ಗೊತ್ತು, ತಂದವನ ಊರು ಗೊತ್ತಿಲ್ಲ. ಮೈಸೂರಿನ ಕಂದಾಯದ ಲೆಕ್ಕಕ್ಕೆ ತೆತ್ತ ಹಣ ಗೊತ್ತು, ಅದು ಎಲ್ಲಿಂದ ಬಂದಿತೆಂಬುದು ಗೊತ್ತಿಲ್ಲ. ಎರಡು ಆಡಳಿತಗಳ ನಡುವೆ ಓಡಾಡಿದವನು ಎರಡು ಪತ್ರಾಗಾರಗಳಲ್ಲಿಯೂ ಅರ್ಧರ್ಧವಾಗಿ ಹಂಚಿಹೋಗಿದ್ದಾನೆ. ಫಜಲುಲ್ ಹಸನರ 1970ರ ಗ್ರಂಥವಾಗಲಿ, ಜಾನಕಿ ನಾಯರರ 2005ರ ಅಧ್ಯಯನವಾಗಲಿ ನಗರದ ದ್ವಂದ್ವರೂಪವನ್ನು ಚೆನ್ನಾಗಿ ತೋರಿಸಿಕೊಟ್ಟಿವೆ. ಹೊರವಲಯದ ಹಳ್ಳಿಯಿಂದ ಒಳಕ್ಕೆ ನೋಡುವ ಕೆಲಸವು ಇನ್ನೂ ಬಹಳ ಉಳಿದಿದೆ. 1947ಕ್ಕೆ ಮುಂಚಿನ ದಂಡನ್ನು ಕಣ್ಣಾರೆ ಕಂಡವರಿಗೆ ಈಗ ತೊಂಬತ್ತರ ಸಮೀಪದ ವಯಸ್ಸು. ನಮ್ಮ ವಿಭಾಗದ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ತಮ್ಮ ತಮ್ಮ ಊರುಗಳ ವೃದ್ಧರನ್ನು ಕೇಳಿ ಬರೆದುಕೊಂಡರೆ, ಸುಂಕದ ದರವಲ್ಲದಿದ್ದರೂ ಜಾಮೀನುದಾರರ ವಿಷಯವಾದರೂ ಒಂದಷ್ಟು ತಿಳಿದುಬರಬಹುದು. ಹಳೆಯ ಪೆಟ್ಟಿಗೆಗಳಲ್ಲಿ ಚೀಟಿಗಳೇನಾದರೂ ಸಿಕ್ಕಿದರೆ ದಯವಿಟ್ಟು ಒಲೆಗೆ ಹಾಕದಿರಲಿ.

ದೊಡ್ಡನೆಕ್ಕುಂದಿಯು 2007ರಲ್ಲಿ ಬೃಹತ್ ಬೆಂಗಳೂರಿನ ಎಲ್ಲೆಯೊಳಗೆ ಸೇರಿತು. ಅದಕ್ಕೆ ಮುಂಚೆಯೇ ಅಲ್ಲಿ ಕೈಗಾರಿಕಾ ಪ್ರದೇಶವೂ ಕಚೇರಿಗಳೂ ಎದ್ದಿದ್ದವು. ಪಕ್ಕದ ಮಾರತಹಳ್ಳಿಯು ಕಾರ್ಖಾನೆಯಿಂದ ನೇರವಾಗಿ ಬಂದ ಉಡುಪುಗಳನ್ನು ರಿಯಾಯಿತಿ ಬೆಲೆಗೆ ಮಾರುವ ಅಂಗಡಿಗಳಿಗೆ ಹೆಸರಾಯಿತು. ಹಬ್ಬದ ದಿನಗಳಲ್ಲಿ ಹಲಸೂರು, ಶಿವಾಜಿನಗರಗಳ ಜನರು ಬಟ್ಟೆ ಕೊಳ್ಳಲು ಅಲ್ಲಿಗೆ ಬರುತ್ತಿದ್ದುದನ್ನು ಅಜ್ಜಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರು. "ದಂಡೇ ನಮ್ಮೂರಿಗೆ ಬಂತಲ್ಲ" ಎಂದು ಅವರು ಒಮ್ಮೆ ಅಂದು, ಸೀರೆಯ ಬೆಲೆ ಎಷ್ಟಂತೆ ಎಂದು ಕೇಳಿದರು.